ಕಿರುನಾದಲ್ಲಿ ನೋಡುವುದೇನಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವೀಡನ್ನಿನ ಉತ್ತರ ತುದಿಯ ಕಬ್ಬಿಣದ ಗಣಿ ಪಟ್ಟಣ ಕಿರುನಾ. ನಮ್ಮವರು ಇಲ್ಲಿಗೆ ಬರುವುದು ಬಹುತೇಕ ನಾರ್ದರ್ನ್ ಲೈಟ್ಸ್ ನೋಡಲಿಕ್ಕೆ. ವಿಮಾನ ಇಳಿದು, ಹಿಮಗಡ್ಡೆಯಲ್ಲೇ ಕಟ್ಟಿದ ಐಸ್‌ಹೋಟೆಲ್ ಮುಂದೆ ಫೋಟೊ ತೆಗೆಸಿಕೊಂಡು, ಆ ಬೆಳಕಿಗಾಗಿ ಪಶ್ಚಿಮದ ಅಬಿಸ್ಕೊಗೆ ಓಡಿ, ಮತ್ತೆ ವಿಮಾನ ಹತ್ತುತ್ತಾರೆ. ಊರನ್ನು ಕಂಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ. ಸ್ಟಾಕ್‌ಹೋಮ್ ಕಡೆಯ ಕನ್ನಡಿಗರು, ಬೆಂಗಳೂರಿನಿಂದ ಹೊರಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಕೆಳಗೆ ಉತ್ತರಗಳಿವೆ. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಆಕಾಶದಲ್ಲಿ ಬೆಳಕು ಕಂಡರೂ ಸರಿ, ಕಾಣದಿದ್ದರೂ ಸರಿ, ಒಂದು ಪೂರ್ತಿ ಹಗಲು ಊರಿಗೇ ಕೊಡಿ.

ಕಿರುನಾ ಎಲ್ಲಿದೆ? ತಲುಪುವುದು ಹೇಗೆ?

ಉತ್ತರ ಧ್ರುವವೃತ್ತದಿಂದಲೂ ಸುಮಾರು 145 ಕಿ.ಮೀ. ಮೇಲೆ. ಸ್ಟಾಕ್‌ಹೋಮಿನ ಅರ್ಲಾಂಡಾ ನಿಲ್ದಾಣದಿಂದ ವಿಮಾನದಲ್ಲಿ ಒಂದೂವರೆ ಗಂಟೆ. ಸಮಯವಿದ್ದರೆ ರಾತ್ರಿ ರೈಲು ಹಿಡಿಯಿರಿ. ಸಂಜೆ ಮಲಗಿದರೆ ಬೆಳಗ್ಗೆ ಎದ್ದಾಗ ಕಿಟಕಿಯಾಚೆ ಬರೀ ಬರ್ಚ್ ಮರ, ಹಿಮ. ಕಿರುನಾ ತಲುಪಲು ಇನ್ನೂ ಕೆಲವು ಗಂಟೆ ಬಾಕಿ ಇರುತ್ತದೆ. ಈ ದೇಶ ಎಷ್ಟು ಉದ್ದ ಎಂಬುದು ವಿಮಾನದಲ್ಲಿ ಗೊತ್ತಾಗುವುದಿಲ್ಲ.

ಒಂದು ಎಚ್ಚರಿಕೆ. ಗಣಿಯ ಕಾರಣಕ್ಕೆ ಹಳೆಯ ರೈಲು ನಿಲ್ದಾಣ ಮುಚ್ಚಿದೆ. 2013ರಿಂದ ರೈಲು ನಿಲ್ಲುತ್ತಿರುವುದು ಊರಾಚೆಯ ತಾತ್ಕಾಲಿಕ ನಿಲ್ದಾಣದಲ್ಲಿ. ಸೂಟ್‌ಕೇಸ್ ಎಳೆದುಕೊಂಡು ನಡೆದು ಹೋಗುತ್ತೇನೆ ಎನ್ನಬೇಡಿ, ಬಸ್ ಸಿಗುತ್ತದೆ.

ವೀಸಾ ಮಾಮೂಲಿ ಷೆಂಗೆನ್ ವೀಸಾ. ಅದರಲ್ಲೇ ಪಕ್ಕದ ನಾರ್ವೆ, ಫಿನ್ಲೆಂಡಿಗೂ ಹೋಗಿಬರಬಹುದು.

ಯಾವ ತಿಂಗಳು ಒಳ್ಳೆಯದು?

ನೀವು ಏನು ನೋಡಬೇಕು ಎನ್ನುವುದರ ಮೇಲೆ ನಿಂತಿದೆ. ಡಿಸೆಂಬರ್ ಎರಡನೇ ವಾರದಿಂದ ಜನವರಿ ಮೊದಲ ದಿನಗಳವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಹಾಗೆಂದು ಇಡೀ ದಿನ ಕಗ್ಗತ್ತಲೆ ಅಂದುಕೊಳ್ಳಬೇಡಿ, ನಡುಹಗಲಲ್ಲಿ ಕೆಲವು ಗಂಟೆ ನೀಲಿ-ಗುಲಾಬಿ ಮಬ್ಬು ಬೆಳಕಿರುತ್ತದೆ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಇದಕ್ಕೆ ಉಲ್ಟಾ: ಸೂರ್ಯ ಮುಳುಗುವುದಿಲ್ಲ. ಕಿಟಕಿಗೆ ದಪ್ಪ ಪರದೆ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಮೊದಲ ಸಲ ಬರುವವರಿಗೆ ನಾನು ಹೇಳುವುದು ಮಾರ್ಚ್. ಹಿಮ ತುಂಬ ಇರುತ್ತದೆ, ಹಗಲು ಉದ್ದವಾಗಿರುತ್ತದೆ, ರಾತ್ರಿ ಕತ್ತಲೂ ಸಾಕಷ್ಟಿರುತ್ತದೆ, ಚಳಿಯೂ ಜನವರಿಯಷ್ಟು ಕಚ್ಚುವುದಿಲ್ಲ. ಜನವರಿ ಕೊನೆಗೆ ಬಂದರೆ ಹಿಮೋತ್ಸವದ ಹಿಮಶಿಲ್ಪಗಳು ಸಿಗುತ್ತವೆ. ಜುಲೈಯಲ್ಲಿ ಬಂದರೆ ಸೊಳ್ಳೆ ಸಿಗುತ್ತದೆ. ಮಲೆನಾಡಿನವರೂ ದಂಗಾಗುವಷ್ಟು ಸೊಳ್ಳೆ.

ಗಣಿಯೊಳಗೆ ಪ್ರವಾಸಿಗರನ್ನು ಬಿಡುತ್ತಾರೆಯೇ?

ಬಿಡುತ್ತಾರೆ. ಆದರೆ ಕೆಲಸ ನಡೆಯುವ ಜಾಗಕ್ಕಲ್ಲ. ಸರ್ಕಾರಿ ಒಡೆತನದ ಎಲ್‌ಕೆಎಬಿ ಕಂಪನಿ 540 ಮೀಟರ್ ಆಳದಲ್ಲಿ ಒಂದು ಸಂದರ್ಶಕರ ಕೇಂದ್ರ ಮಾಡಿಟ್ಟಿದೆ. ಊರಿನಿಂದ ಬಸ್ಸಿನಲ್ಲೇ ಕರೆದೊಯ್ಯುತ್ತಾರೆ. ಲಿಫ್ಟ್ ಇಲ್ಲ, ಪಂಜರ ಇಲ್ಲ. ಬಸ್ಸು ಸುರಂಗದ ರಸ್ತೆಯಲ್ಲಿ ಇಳಿಯುತ್ತಾ ಹೋಗುತ್ತದೆ, ಅಷ್ಟೇ. ನೆಲದಡಿ ಹೀಗೆ ನೂರಾರು ಕಿಲೋಮೀಟರ್ ರಸ್ತೆ ಇದೆ. ಕೆಳಗೆ ಹೆಲ್ಮೆಟ್ ಹಾಕಿಕೊಂಡು ಹಳೆಯ ಯಂತ್ರಗಳು, ಅದಿರು ತೆಗೆಯುವ ಕ್ರಮ ಎಲ್ಲ ನೋಡಬಹುದು.

ಸೀಟು ಬೇಗ ತುಂಬುತ್ತವೆ, ಇಂಗ್ಲಿಷ್ ವಿವರಣೆಯ ಪ್ರವಾಸ ಎಲ್ಲ ದಿನವೂ ಇರುವುದಿಲ್ಲ. ಹೋಟೆಲ್ ಬುಕ್ ಮಾಡುವ ಮೊದಲೇ ಪ್ರವಾಸಿ ಕಚೇರಿಯ ವೆಬ್‌ಸೈಟಿನಲ್ಲಿ ಇದರ ದಿನಾಂಕ ನೋಡಿಕೊಳ್ಳಿ. ಗಣಿಯ ಒಳಗಿನ ಸ್ಥಿತಿ ನೋಡಿ ಕೆಲವೊಮ್ಮೆ ಪ್ರವಾಸ ರದ್ದು ಮಾಡುವುದೂ ಉಂಟು. ಚಿಕ್ಕ ಮಕ್ಕಳಿದ್ದರೆ ವಯಸ್ಸಿನ ನಿಯಮವನ್ನೂ ಓದಿಕೊಳ್ಳಿ.

ನಮ್ಮ ಕೆ.ಜಿ.ಎಫ್.ಗಿಂತ ಆಳವೇ?

ಅಲ್ಲ. ಕೋಲಾರದ ಚಿನ್ನದ ಗಣಿ 3 ಕಿ.ಮೀ.ಗೂ ಕೆಳಗೆ ಹೋಗಿತ್ತು. ಕಿರುನಾದ ಈಗಿನ ಮುಖ್ಯ ಸಾಗಣೆ ಹಂತ 1,365 ಮೀಟರ್. ಆದರೆ ಕೋಲಾರದಲ್ಲಿ ಹಿಂಬಾಲಿಸಿದ್ದು ತೆಳ್ಳಗಿನ ಚಿನ್ನದ ಎಳೆ. ಇಲ್ಲಿರುವುದು ಸುಮಾರು 4 ಕಿ.ಮೀ. ಉದ್ದ, 80 ಮೀಟರ್ ಆಸುಪಾಸು ದಪ್ಪದ, ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನ ಹಲಗೆ, ನೆಲದೊಳಕ್ಕೆ ಓರೆಯಾಗಿ ಇಳಿದಿದೆ. ನೆಲದಡಿಯ ಕಬ್ಬಿಣದ ಗಣಿಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಇದೇ. ಯುರೋಪಿಯನ್ ಒಕ್ಕೂಟದ ಕಬ್ಬಿಣದ ಅದಿರಿನಲ್ಲಿ ಸುಮಾರು 80% ಬರುವುದು ಈ ಕಂಪನಿಯ ಉತ್ತರದ ಗಣಿಗಳಿಂದ. ಇನ್ನೊಂದು ವ್ಯತ್ಯಾಸ: ಕೆ.ಜಿ.ಎಫ್. 2001ರಲ್ಲಿ ಮುಚ್ಚಿತು, ಇದು ಹಗಲೂ ರಾತ್ರಿ ನಡೆಯುತ್ತಿದೆ.

ಇಡೀ ಊರನ್ನೇ ಎತ್ತಿ ಬೇರೆ ಕಡೆ ಇಡುತ್ತಿದ್ದಾರಂತೆ. ನಿಜವೇ?

ನಿಜ. ಕಿರುನಾಗೆ ಬರಲು ಇದೊಂದೇ ಕಾರಣ ಸಾಕು.

ಮೇಲೆ ಹೇಳಿದ ಆ ಅದಿರಿನ ಹಲಗೆ ಇಳಿದಿರುವುದು ಊರಿನ ದಿಕ್ಕಿಗೆ, ಸುಮಾರು 60 ಡಿಗ್ರಿ ಓರೆಯಲ್ಲಿ. ಒಂದೊಂದು ಹಂತ ಕೆಳಗಿಳಿದಂತೆ ಅದಿರನ್ನು ಸಿಡಿಸಿ, ಕೆಳಗಿನ ಸುರಂಗದಿಂದ ಬಾಚಿಕೊಳ್ಳುತ್ತಾರೆ. ಅದಿರು ಖಾಲಿಯಾದ ಕಡೆ ಮೇಲಿನ ಬಂಡೆ ತಾನಾಗಿಯೇ ಕುಸಿದು ತುಂಬಿಕೊಳ್ಳುತ್ತದೆ. ಕುಸಿಯಲಿ ಎಂದೇ ಬಿಡುವ ವಿಧಾನ ಇದು, ಅಪಘಾತವಲ್ಲ. ಆ ಕುಸಿತ ಬಿರುಕಾಗಿ ಮೇಲಕ್ಕೆ ಬಂದು ನೆಲ ಮುಟ್ಟುತ್ತದೆ. ಗಣಿ ಆಳವಾದಷ್ಟೂ ಬಿರುಕಿನ ಅಂಚು ಊರ ಒಳಗೆ ಸರಿಯುತ್ತದೆ. ‘ಖಾಲಿ ಜಾಗಕ್ಕೆ ಮಣ್ಣು ತುಂಬಿದರಾಯಿತಲ್ಲ’ ಎಂದು ಎಲ್ಲರೂ ಕೇಳುತ್ತಾರೆ. ತುಂಬುತ್ತಾ ಕೂತರೆ ಈ ಬೆಲೆಗೆ ಅದಿರು ತೆಗೆಯಲಾಗದು ಎಂಬುದು ಕಂಪನಿಯ ಲೆಕ್ಕ. ಊರು ಮತ್ತು ಗಣಿ ಎರಡರಲ್ಲಿ ಒಂದು ಸರಿಯಬೇಕಿತ್ತು, ಊರು ಸರಿಯಿತು.

ಈ ಸುದ್ದಿ ಹೊರಬಿದ್ದದ್ದು 2004ರಲ್ಲಿ. ಹೊಸ ಪೇಟೆ ಹಳೆಯದರಿಂದ ಸುಮಾರು 3 ಕಿ.ಮೀ. ಪೂರ್ವಕ್ಕೆ ಎದ್ದು, 2022ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಖರ್ಚು ಭರಿಸುವುದು ಗಣಿ ಕಂಪನಿ. ಇಲ್ಲಿನವರು ಇದನ್ನು ಗಟ್ಟಿಯಾಗಿ ವಿರೋಧಿಸಲಿಲ್ಲವೇಕೆ ಎಂದು ಬೆರಗಾಗುವವರು ಒಂದು ನೆನಪಿಡಬೇಕು: 1900ರಲ್ಲಿ ಈ ಊರು ಹುಟ್ಟಿದ್ದೇ ಗಣಿಗಾಗಿ. ಮೊದಲ ವ್ಯವಸ್ಥಾಪಕ ಯಾಲ್ಮಾರ್ ಲುಂಡ್‌ಬೂಮ್ ಮರದ ಮನೆ, ಶಾಲೆ, ಚರ್ಚು ಎಲ್ಲವನ್ನೂ ಯೋಜನೆ ಹಾಕಿ ಕಟ್ಟಿಸಿದ. ಹಾಗೆಂದು ಗಣಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಜನವೂ ಅಲ್ಲ. 1969ರ ಡಿಸೆಂಬರಿನಲ್ಲಿ ಶುರುವಾದ ಗಣಿ ಕಾರ್ಮಿಕರ ಮುಷ್ಕರ ಎರಡು ತಿಂಗಳ ಹತ್ತಿರ ನಡೆದು ಇಡೀ ಸ್ವೀಡನ್ನನ್ನು ಅಲುಗಿಸಿತ್ತು.

ಸ್ಥಳಾಂತರ ಮುಗಿದೂ ಇಲ್ಲ. 2025ರ ಆಗಸ್ಟ್ ಕೊನೆಗೆ ಕಂಪನಿ ಹೊಸ ನಕ್ಷೆ ಮುಂದಿಟ್ಟು, ಇನ್ನೂ ಸುಮಾರು 6,000 ಜನ ಮನೆ ಬಿಡಬೇಕಾಗುತ್ತದೆ ಎಂದಿತು. ಊರಿನ ಒಟ್ಟು ಜನಸಂಖ್ಯೆಯೇ ಇಪ್ಪತ್ತು ಸಾವಿರ ಮುಟ್ಟುವುದಿಲ್ಲ.

ಹಾಗಾದರೆ ಈಗ ಹೋದರೆ ಕಾಣುವುದೇನು?

ಎರಡು ಊರು. ಹಳೆಯ ಕಡೆ ಬೇಲಿ ಹಾಕಿದ ಖಾಲಿ ಜಾಗ, ಕಟ್ಟಡ ಕೆಡವಿದಲ್ಲಿ ಹುಲ್ಲು, ಉದ್ಯಾನದಂತೆ ಮಾಡಿಟ್ಟ ಪಟ್ಟಿ. ಅದರಾಚೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೀರುನಾವಾರಾ ಎಂಬ ಗಣಿಯ ಗುಡ್ಡ. ರಾತ್ರಿ ಆ ಗುಡ್ಡದ ಮೇಲೆ ದೀಪಗಳು ಸಾಲಾಗಿ ಉರಿಯುತ್ತವೆ. ಬೇಲಿ ದಾಟಬೇಡಿ, ಫೋಟೊಗಾಗಿಯೂ ದಾಟಬೇಡಿ. ಬೇಲಿ ಎಲ್ಲಿದೆ ಎನ್ನುವುದೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹಳೆಯ ಗೂಗಲ್ ಫೋಟೊ ನಂಬಿ ಹೋದರೆ ಅರ್ಧ ಬೀದಿ ಇರುವುದಿಲ್ಲ.

ಹೊಸ ಕಡೆ ‘ಕ್ರಿಸ್ಟಾಲೆನ್’ ಎಂಬ ದುಂಡನೆಯ ಪುರಭವನ ಇದೆ, 2018ರದು. ಒಳಗೆ ಹೋಗಲು ಟಿಕೆಟ್ ಬೇಕಿಲ್ಲ, ಕಲಾ ಸಂಗ್ರಹಾಲಯವೂ ಅಲ್ಲೇ. ಹೊರಗೆ ನಿಂತಿರುವ ಕಬ್ಬಿಣದ ಗಡಿಯಾರ ಗೋಪುರವನ್ನು ಸರಿಯಾಗಿ ನೋಡಿ. ಅದು ಹಳೆಯ ಪುರಭವನದ ತಲೆಯ ಮೇಲಿದ್ದದ್ದು, ಬಿಚ್ಚಿ ತಂದು ಇಲ್ಲಿ ನೆಲದ ಮೇಲೆ ನಿಲ್ಲಿಸಿದ್ದಾರೆ. ಹೊಸ ಪೇಟೆಯ ಉಳಿದ ಕಟ್ಟಡಗಳ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಅಚ್ಚುಕಟ್ಟಾಗಿವೆ, ಗಾಳಿ ತಡೆಯುವಂತೆ ಒತ್ತೊತ್ತಾಗಿ ಕಟ್ಟಿದ್ದಾರೆ. ಆದರೆ ಯಾವ ಊರಿನಲ್ಲೂ ಇರಬಹುದಾದ ಅಂಗಡಿ ಸಾಲು.

ಎರಡೂ ಊರು ಒಟ್ಟಿಗೆ ಕಾಣಬೇಕೆಂದರೆ ಲುವೊಸಾವಾರಾ ಗುಡ್ಡ ಹತ್ತಿ. ಅದೂ ಹಿಂದೆ ಗಣಿಯೇ, ಈಗ ಸ್ಕೀಯಿಂಗ್ ಇಳಿಜಾರು. ಬೇಸಿಗೆಯಲ್ಲಿ ಕಾಲುದಾರಿ ಇದೆ, ಹವಾ ತಿಳಿಯಾಗಿದ್ದರೆ ಪಶ್ಚಿಮದಲ್ಲಿ ಕೆಬ್ನೆಕೈಸೆ ಶಿಖರವೂ ಕಾಣುತ್ತದೆ.

ಟಿ.ವಿ.ಯಲ್ಲಿ ಚಲಿಸುತ್ತಿದ್ದ ಚರ್ಚ್ ಎಲ್ಲಿದೆ?

ಹೊಸ ಪೇಟೆಯ ಹತ್ತಿರ, ಸ್ಮಶಾನದ ಬಳಿ. 1912ರಲ್ಲಿ ಪೂರ್ಣಗೊಂಡ ಈ ಕೆಂಪು ಮರದ ಚರ್ಚಿಗೆ ಸುಮಾರು 672 ಟನ್ ತೂಕ. ಬಿಚ್ಚಿ ಜೋಡಿಸಬಹುದಿತ್ತು, ಆದರೆ ಹಾಗೆ ಮಾಡಲಿಲ್ಲ. ಅಡಿಗೆ ಉಕ್ಕಿನ ತೊಲೆ ಕೊಟ್ಟು, ಎತ್ತಿ, ಸಾಲು ಸಾಲು ಚಕ್ರಗಳ ಟ್ರೇಲರಿನ ಮೇಲೆ ಕೂರಿಸಿ, 2025ರ ಆಗಸ್ಟ್ 19 ಮತ್ತು 20ರಂದು 5 ಕಿ.ಮೀ. ನಡೆಸಿಕೊಂಡು ಹೋದರು. ವೇಗ ಗಂಟೆಗೆ ಅರ್ಧ ಕಿಲೋಮೀಟರ್ ಆಸುಪಾಸು. ಅದಕ್ಕಾಗಿ ರಸ್ತೆಯನ್ನೇ ಮೊದಲು ಅಗಲ ಮಾಡಿದ್ದರು. ಎರಡನೇ ದಿನ ದೊರೆ ಕಾರ್ಲ್ ಗುಸ್ತಾಫ್ ಕೂಡ ಬಂದಿದ್ದರು. ಸ್ವೀಡಿಷ್ ಟಿ.ವಿ. ಇಡೀ ಮೆರವಣಿಗೆಯನ್ನು ನೇರ ಪ್ರಸಾರ ಮಾಡಿತು. ನಮ್ಮ ತೇರು ಎಳೆಯುವುದನ್ನು ನೋಡಿ ಬೆಳೆದವರಿಗೆ ಆ ನಿಧಾನದಲ್ಲಿ ಬೇಸರವೇನೂ ಆಗದು.

ಚರ್ಚಿನ ಆಕಾರ ಈ ಉತ್ತರ ಸೀಮೆಯ ಮೂಲನಿವಾಸಿಗಳಾದ ಸಾಮಿ ಜನರ ಗುಡಾರವನ್ನು ಹೋಲುತ್ತದೆ. ಬಲಿಪೀಠದ ಚಿತ್ರ ಬರೆದದ್ದು ರಾಜಕುಮಾರ ಯುಜೆನ್. ಅದರಲ್ಲಿ ಸಂತರಿಲ್ಲ, ಬೆಳಕು ತುಂಬಿದ ಒಂದು ತೋಪು ಮಾತ್ರ. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಹೋಗುವ ಮೊದಲು ವಿಚಾರಿಸಿ. ಸಾಗಣೆಯ ನಂತರ ಒಳಗಿನ ಕೆಲಸಕ್ಕೆ ತಿಂಗಳುಗಟ್ಟಲೆ ಸಮಯ ಇಟ್ಟುಕೊಂಡಿದ್ದಾರೆ.

ರಾತ್ರಿ ಹಾಸಿಗೆ ನಡುಗಿದ ಹಾಗಾಯಿತು. ಭೂಕಂಪವೇ?

ಬಹುಶಃ ಗಣಿಯ ಸ್ಫೋಟ. ಮಧ್ಯರಾತ್ರಿ ಕಳೆದು ಒಂದು, ಒಂದೂವರೆ ಗಂಟೆ ಹೊತ್ತಿಗೆ ಸಿಡಿಸುತ್ತಾರೆ. ಊರಿನವರು ಮಗ್ಗುಲು ಬದಲಿಸಿ ಮಲಗುತ್ತಾರೆ, ನೀವೂ ಮಲಗಿ. ದೊಡ್ಡದೂ ಆಗಿದೆ: 2020ರ ಮೇ 18ರಂದು ಗಣಿಗಾರಿಕೆಯಿಂದಲೇ 4.9 ತೀವ್ರತೆಯ ಕಂಪನ ಉಂಟಾಗಿ, ಗಣಿಯ ಕೆಲ ಭಾಗಗಳು ದೀರ್ಘಕಾಲ ನಿಂತಿದ್ದವು.

ನಾರ್ದರ್ನ್ ಲೈಟ್ಸ್ ಖಚಿತವಾಗಿ ಕಾಣುತ್ತದೆಯೇ?

ಖಚಿತ ಎಂದು ಯಾರಾದರೂ ಹೇಳಿ ದುಡ್ಡು ಕೇಳಿದರೆ ಕೊಡಬೇಡಿ. ಸೆಪ್ಟೆಂಬರಿನಿಂದ ಮಾರ್ಚ್ ಕೊನೆಯವರೆಗೆ ಕತ್ತಲಿರುತ್ತದೆ, ಕಿರುನಾ ಇರುವುದೂ ಧ್ರುವದ ಸುತ್ತ ಈ ಬೆಳಕು ಮೂಡುವ ಪಟ್ಟಿಯ ಅಡಿಯಲ್ಲೇ. ಹಾಗಾಗಿ ಸೌರ ಚಟುವಟಿಕೆ ಸಾಧಾರಣವಾಗಿದ್ದರೂ ಕಾಣಬಹುದು. ಕೆಡಿಸುವುದು ಮೋಡ. ಅದಕ್ಕೇ ಜನ ಸುಮಾರು 95 ಕಿ.ಮೀ. ಪಶ್ಚಿಮದ ಅಬಿಸ್ಕೊಗೆ ಹೋಗುವುದು. ಅಟ್ಲಾಂಟಿಕ್ ಕಡೆಯಿಂದ ಬರುವ ತೇವವನ್ನು ನಾರ್ವೆಯ ಬೆಟ್ಟಗಳು ಹಿಂಡಿಬಿಡುವುದರಿಂದ, ಅಲ್ಲಿ ಮಳೆಯೂ ಹಿಮವೂ ಕಡಿಮೆ, ಟೊರ್ನೆಟ್ರೆಸ್ಕ್ ಸರೋವರದ ಮೇಲಿನ ಆಕಾಶ ಹೆಚ್ಚು ಸಲ ತಿಳಿಯಾಗಿರುತ್ತದೆ. ನುವೊಲ್ಯಾ ಬೆಟ್ಟದ ಮೇಲೆ 900 ಮೀಟರ್ ಎತ್ತರದಲ್ಲಿರುವ ಅರೋರಾ ಸ್ಕೈ ಸ್ಟೇಷನ್ನಿಗೆ ಚೇರ್‌ಲಿಫ್ಟಿನಲ್ಲಿ ಹೋಗಬೇಕು. ಆ ಇಪ್ಪತ್ತು ನಿಮಿಷದ ಚಳಿಯ ಬಗ್ಗೆ ಜಾಹೀರಾತಿನಲ್ಲಿ ಹೇಳುವುದಿಲ್ಲ.

ಕಣ್ಣಿಗೆ ಕಾಣುವುದು ಫೋಟೊದಷ್ಟು ಹಸಿರಾಗಿರುವುದಿಲ್ಲ. ಮಂಕಾದ ದಿನ ತೆಳು ಮೋಡ ಸರಿದ ಹಾಗಿರುತ್ತದೆ, ಮೊಬೈಲ್ ಹಿಡಿದಾಗಲೇ ಹಸಿರು. ಜೋರಾದ ದಿನ ಮಾತ್ರ ಯಾವ ಕ್ಯಾಮೆರಾವೂ ಬೇಡ. ಒಂದೇ ರಾತ್ರಿಯನ್ನು ನಂಬಿ ಬರಬೇಡಿ, ಮೂರಾದರೂ ಇಟ್ಟುಕೊಳ್ಳಿ. ಕಿರುನಾದ ಬಾಹ್ಯಾಕಾಶ ಭೌತವಿಜ್ಞಾನ ಸಂಸ್ಥೆಯ ಆಕಾಶ ಕ್ಯಾಮೆರಾವನ್ನು ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು.

ಬಾಹ್ಯಾಕಾಶ ಸಂಸ್ಥೆ? ಗಣಿ ಊರಿನಲ್ಲೇ?

ಹೌದು, ನಮಗೂ ಅದಕ್ಕೂ ನಂಟಿದೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರಲ್ಲಿ ‘ಸಾರಾ’ ಎಂಬ ಉಪಕರಣ ಇತ್ತು. ಅದನ್ನು ರೂಪಿಸಿದ್ದು ಕಿರುನಾದ ಈ ಸಂಸ್ಥೆ, ತಿರುವನಂತಪುರದ ಇಸ್ರೊ ವಿಜ್ಞಾನಿಗಳ ಜೊತೆ ಸೇರಿ. ಸೂರ್ಯನಿಂದ ಹೊಮ್ಮಿ ಬರುವ ಕಣಗಳ ಪ್ರವಾಹದ, ಅಂದರೆ ಸೌರಮಾರುತದ, ಪ್ರೋಟಾನುಗಳೆಲ್ಲ ಚಂದ್ರನ ಧೂಳಿನಲ್ಲಿ ಇಂಗಿಹೋಗುತ್ತವೆ ಎಂದುಕೊಂಡಿದ್ದರು. ಸುಮಾರು ಐದನೇ ಒಂದು ಪಾಲು ಹೈಡ್ರೋಜನ್ ಪರಮಾಣುಗಳಾಗಿ ಪುಟಿದು ಬರುತ್ತವೆ ಎಂದು ಸಾರಾ ತೋರಿಸಿತು. ನೌಕೆ ತಯಾರಾದದ್ದು ಬೆಂಗಳೂರಿನಲ್ಲಿ, ದತ್ತಾಂಶ ಬಂದು ಇಳಿದದ್ದು ಬಿಡದಿ ಹತ್ತಿರದ ಬ್ಯಾಲಾಳು ಗ್ರಾಮದ ದೊಡ್ಡ ಆಂಟೆನಾಗೆ.

ಊರಿನಿಂದ ಸುಮಾರು 40 ಕಿ.ಮೀ. ದೂರದ ಎಸ್ರೇಂಜ್ ಕೇಂದ್ರದಿಂದ 1966ರಿಂದಲೂ ಸಂಶೋಧನಾ ರಾಕೆಟ್‌ಗಳು, ದೈತ್ಯ ಬಲೂನುಗಳು ಮೇಲೇರುತ್ತಿವೆ. ಸುಮ್ಮನೆ ಹೋಗಿ ಗೇಟು ತಟ್ಟುವ ಜಾಗವಲ್ಲ, ಮೊದಲೇ ಏರ್ಪಾಟಾಗಿರುವ ಪ್ರವಾಸ ಇದ್ದರೆ ಮಾತ್ರ.

ಐಸ್‌ಹೋಟೆಲಿನಲ್ಲಿ ಮಲಗಲೇಬೇಕೇ?

ಬೇಡ. 17 ಕಿ.ಮೀ. ದೂರದ ಯುಕ್ಕಸ್ಯಾರ್ವಿಗೆ ಹಗಲಿನಲ್ಲಿ ಹೋಗಿ, ಟಿಕೆಟ್ ಕೊಂಡು ಕೋಣೆಗಳನ್ನೆಲ್ಲ ನೋಡಿ ಬನ್ನಿ. ಟೊರ್ನೆ ನದಿಯ ಹಿಮಗಡ್ಡೆ ಕೊಯ್ದು ಪ್ರತಿ ಚಳಿಗಾಲ ಹೊಸದಾಗಿ ಕಟ್ಟುತ್ತಾರೆ, ವಸಂತಕ್ಕೆ ಅದು ನದಿಗೇ ಮರಳುತ್ತದೆ. 2016ರಿಂದ ವರ್ಷವಿಡೀ ತಣ್ಣಗಿಡುವ ಒಂದು ಭಾಗವೂ ಇದೆ. ಒಳಗೆ ಮೈನಸ್ 5ರಿಂದ 8 ಡಿಗ್ರಿ. ಒಂದು ರಾತ್ರಿಯ ಬಾಡಿಗೆಯಲ್ಲಿ ಉಳಿದ ಪ್ರವಾಸದ ಅರ್ಧ ಖರ್ಚು ಮುಗಿಯುತ್ತದೆ. ಅದೇ ಹಳ್ಳಿಯ ತುದಿಯಲ್ಲಿ 1600ರ ದಶಕದಷ್ಟು ಹಳೆಯ ಪುಟ್ಟ ಮರದ ಚರ್ಚಿದೆ, ಸ್ವೀಡಿಷ್ ಶಿಲ್ಪಿ ಬ್ರೂರ್ ಯೋರ್ಟ್ ಕೆತ್ತಿದ ಬಣ್ಣದ ಮರದ ಫಲಕ ಅಲ್ಲಿದೆ. ಹೋಟೆಲಿಗೆ ಬಂದವರಲ್ಲಿ ಎಷ್ಟೋ ಜನ ಅಲ್ಲಿಯವರೆಗೆ ನಡೆಯುವುದೇ ಇಲ್ಲ.

ಸಾಮಿ ಜನರನ್ನು, ಹಿಮಸಾರಂಗಗಳನ್ನು ನೋಡುವುದು ಹೇಗೆ?

ಸಾಮಿ ಕುಟುಂಬಗಳೇ ನಡೆಸುವ ಕಾರ್ಯಕ್ರಮ ಆರಿಸಿಕೊಳ್ಳಿ. ಯಾರು ನಡೆಸುತ್ತಾರೆ ಎಂದು ಬುಕ್ ಮಾಡುವಾಗಲೇ ಕೇಳಿ. ಹಿಮಸಾರಂಗಗಳು ಕಾಡುಪ್ರಾಣಿಗಳಲ್ಲ, ಪ್ರತಿಯೊಂದಕ್ಕೂ ಒಡೆಯರಿದ್ದಾರೆ, ಕಿವಿಯ ಗುರುತಿನಿಂದ ತಿಳಿಯುತ್ತದೆ. ‘ನಿಮ್ಮ ಹತ್ತಿರ ಎಷ್ಟು ಇವೆ’ ಎಂದು ಕೇಳಬಾರದು. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದಂತಾಗುತ್ತದೆ.

ಕಾರು ಓಡಿಸುವವರು ರಸ್ತೆ ಬದಿಯ ಕಂಬಗಳಿಗೆ ಕಟ್ಟಿದ ಕಪ್ಪು ಪ್ಲಾಸ್ಟಿಕ್ ಚೀಲ ಗಮನಿಸಿ. ಅದು ಕಸವಲ್ಲ, ಹತ್ತಿರದಲ್ಲಿ ಹಿಂಡು ಇದೆ, ನಿಧಾನಿಸಿ ಎಂಬ ಸೂಚನೆ.

ಗಣಿಯ ಕಥೆಯನ್ನು ಕಂಪನಿಯ ಬಾಯಿಂದ ಕೇಳಿದವರು ಇವರ ಬಾಯಿಂದಲೂ ಕೇಳಬೇಕು. 2023ರ ಜನವರಿಯಲ್ಲಿ ಊರ ಪಕ್ಕದ ‘ಪೆರ್ ಗೈಯರ್’ ನಿಕ್ಷೇಪದಲ್ಲಿ ಹತ್ತು ಲಕ್ಷ ಟನ್ನಿಗೂ ಹೆಚ್ಚು ವಿರಳ ಭಸ್ಮ (ರೇರ್ ಅರ್ಥ್) ಖನಿಜಗಳ ಆಕ್ಸೈಡ್ ಇದೆ ಎಂದು ಘೋಷಿಸಿದಾಗ ಯುರೋಪು ಸಂಭ್ರಮಿಸಿತು. ಗಾಬ್ನಾ ಸಾಮಿ ಸಮುದಾಯದವರು ಸಂಭ್ರಮಿಸಲಿಲ್ಲ. ಹಳೆಯ ಗಣಿ, ರೈಲು, ಹೆದ್ದಾರಿ, ಹೊಸ ಊರು ಇವುಗಳ ನಡುವೆ ಉಳಿದಿರುವ ಅವರ ಹಿಂಡುಗಳ ವಲಸೆ ದಾರಿಯನ್ನು ಅಲ್ಲಿನ ಗಣಿ ಕತ್ತರಿಸುತ್ತದೆ ಎಂಬುದು ಅವರ ದೂರು.

ರೈಲಿನಲ್ಲಿ ನಾರ್ವೆಯ ನಾರ್ವಿಕ್‌ಗೆ ಹೋಗಿಬರುವುದು ಸಾರ್ಥಕವೇ?

ಖಂಡಿತ. ಸುಮಾರು ಮೂರು ಗಂಟೆಯ ದಾರಿ, ಬಲಗಡೆ ಕುಳಿತರೆ ಸರೋವರ ಸಿಗುತ್ತದೆ, ಗಡಿ ದಾಟಿದ ಮೇಲೆ ಫಿಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲು. 1903ರಲ್ಲಿ ಉದ್ಘಾಟನೆಯಾದ ಈ ಮಾರ್ಗ ಇರುವುದೇ ಅದಿರಿಗಾಗಿ, ಏಕೆಂದರೆ ನಾರ್ವಿಕ್ ಬಂದರು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. 1940ರಲ್ಲಿ ಆ ಪುಟ್ಟ ಬಂದರಿಗಾಗಿ ಯುದ್ಧ ನಡೆದದ್ದೂ ಈ ಅದಿರಿನಿಂದಲೇ.

ಎದುರಿಗೆ ಅದಿರು ಗಾಡಿ ಬಂದರೆ ವ್ಯಾಗನ್ ಎಣಿಸಲು ನೋಡಿ: 68 ಇರುತ್ತವೆ, ಉದ್ದ ಸುಮಾರು 750 ಮೀಟರ್. ತುಂಬಿದ ಗಾಡಿ ಸಮುದ್ರದ ಕಡೆ ಇಳಿಯುವಾಗ ಬ್ರೇಕಿನಿಂದ ವಿದ್ಯುತ್ ಹುಟ್ಟುತ್ತದೆ, ಖಾಲಿ ಗಾಡಿ ಹತ್ತಿ ಬರಲು ಅದು ನೆರವಾಗುತ್ತದೆ. ಮಾರ್ಗ ಕೈಕೊಡುವುದೂ ಉಂಟು. 2023ರ ಡಿಸೆಂಬರಿನಲ್ಲಿ ಗಾಡಿ ಹಳಿ ತಪ್ಪಿ ಎರಡು ತಿಂಗಳು ನಿಂತು, ತೆರೆದ ಕೆಲವೇ ದಿನಗಳಲ್ಲಿ ಮತ್ತೆ ತಪ್ಪಿತ್ತು. ನಾರ್ವಿಕ್‌ನಿಂದ ವಿಮಾನ ಹಿಡಿಯುವವರು ಒಂದು ದಿನ ಕೈಯಲ್ಲಿಟ್ಟುಕೊಳ್ಳಿ.

ಚಳಿಗೆ ಏನು ತರಬೇಕು?

ಬೆಂಗಳೂರಿನ ಮಾಲ್‌ಗಳಲ್ಲಿ ‘ಸ್ನೋ ಜಾಕೆಟ್’ ಎಂದು ಮಾರುವುದಕ್ಕೆ ದುಡ್ಡು ಹಾಕಬೇಡಿ. ಮೆರಿನೊ ಉಣ್ಣೆಯ ಒಳ ಉಡುಪು, ಉಣ್ಣೆಯ ಕಾಲುಚೀಲ ಎರಡು ಜೊತೆ ತನ್ನಿ. ದೊಡ್ಡ ಮೇಲುಡುಪು, ಬೂಟು ಪ್ರವಾಸ ನಡೆಸುವವರೇ ಬಹುತೇಕ ಕೊಡುತ್ತಾರೆ. ಬೂಟು ಒಂದು ಸೈಜು ದೊಡ್ಡದಿರಲಿ, ಬಿಗಿಯಾದರೆ ಬೆರಳು ಸೆಟೆಯುತ್ತದೆ. ಜನವರಿಯಲ್ಲಿ ಮೈನಸ್ 15 ಮಾಮೂಲಿ, ಮೈನಸ್ 30 ಅಪರೂಪವಲ್ಲ. ಫೋನನ್ನು ಎದೆಯ ಹತ್ತಿರದ ಜೇಬಿನಲ್ಲಿಡಿ, ಹೊರಗೆ ಹಿಡಿದರೆ 40% ಚಾರ್ಜ್ ಇದ್ದದ್ದು ದಿಢೀರನೆ ಆರಿಹೋಗುತ್ತದೆ.

ಸಸ್ಯಾಹಾರ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಬಗೆಬಗೆಯದನ್ನು ನಿರೀಕ್ಷಿಸಬೇಡಿ. ಪಿಜ್ಜಾ, ಫಲಾಫೆಲ್, ಥಾಯ್ ಅಂಗಡಿಗಳಿವೆ. ಅಡುಗೆಮನೆ ಇರುವ ಕೊಠಡಿ ಹಿಡಿದು ಸೂಪರ್‌ಮಾರ್ಕೆಟಿನಿಂದ ಅಕ್ಕಿ, ಬೇಳೆ, ಮೊಸರು ತಂದುಕೊಂಡರೆ ಖರ್ಚೂ ಉಳಿಯುತ್ತದೆ. ಚಟ್ನಿಪುಡಿ ನಿಮ್ಮ ಹತ್ತಿರ ಹೇಗೂ ಇರುತ್ತದೆ. ಮಾಂಸ ತಿನ್ನುವವರು ಹೊಗೆ ಹಾಕಿದ ಹಿಮಸಾರಂಗ, ಆರ್ಕ್ಟಿಕ್ ಚಾರ್ ಮೀನು ಬಿಡಬೇಡಿ. ಎಲ್ಲರೂ ರುಚಿ ನೋಡಬಹುದಾದದ್ದು ಬಿಸಿ ಕಾಫಿಯಲ್ಲಿ ಚೀಸ್ ತುಂಡು ಹಾಕಿ ಕುಡಿಯುವ ಇಲ್ಲಿನ ಪದ್ಧತಿ. ಚೀಸ್ ಕರಗುವುದಿಲ್ಲ, ಹಲ್ಲಿನಡಿ ಕಿರುಗುಟ್ಟುತ್ತದೆ. ಕಟ್ಟಾ ಸಸ್ಯಾಹಾರಿಗಳು ಮಾತ್ರ ರೆನೆಟ್ (ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ವಸ್ತು) ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಿ.

ನಗದು ಬೇಕೇ?

ಬೇಡ. ಕಾರ್ಡ್ ಸಾಕು.

ಬೇಸಿಗೆಯಲ್ಲಿ ಚಾರಣಕ್ಕೆ ಬರುವವರಿಗೆ?

ನಿಕ್ಕಲುವೊಕ್ತಾವರೆಗೆ ಬಸ್ಸು, ಅಲ್ಲಿಂದ 19 ಕಿ.ಮೀ. ನಡೆದರೆ ಕೆಬ್ನೆಕೈಸೆ ತಂಗುದಾಣ. ಸ್ವೀಡನ್ನಿನ ಅತಿ ಎತ್ತರದ ಬೆಟ್ಟ ಇದು. ಹಿಮನದಿ ಹೊದ್ದಿರುವ ದಕ್ಷಿಣದ ತುದಿ ಕರಗಿ ಕುಗ್ಗಿದ್ದರಿಂದ, 2,096 ಮೀಟರಿನ ಉತ್ತರದ ಬಂಡೆ ತುದಿಯೇ ಈಗ ಎತ್ತರದ್ದು. ಸಾರ್ವಜನಿಕ ಓಡಾಟದ ಹಕ್ಕು ಇರುವುದರಿಂದ ಎಲ್ಲಿ ಬೇಕಾದರೂ ಒಂದೆರಡು ರಾತ್ರಿ ಗುಡಾರ ಹಾಕಬಹುದು. ಮನೆಗಳ ಅಂಗಳ, ಹೊಲ ಬಿಟ್ಟು. ಅಬಿಸ್ಕೊ ಥರದ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಯಮ ಬೇರೆ.

ಒಟ್ಟು ಎಷ್ಟು ದಿನ ಬೇಕು?

ಚಳಿಗಾಲದಲ್ಲಿ ನಾಲ್ಕು ರಾತ್ರಿ. ಮೊದಲ ಹಗಲು ಗಣಿ ಮತ್ತು ಎರಡೂ ಪೇಟೆ, ಎರಡನೆಯದು ಯುಕ್ಕಸ್ಯಾರ್ವಿ, ಆಮೇಲೆ ಎರಡು ರಾತ್ರಿ ಅಬಿಸ್ಕೊ. ಗಣಿ ಪ್ರವಾಸಕ್ಕೆ ನಿಮ್ಮ ದಿನ ಸೀಟು ಸಿಗದಿದ್ದರೆ ಉಳಿದದ್ದನ್ನು ಅದರ ಸುತ್ತ ಹೊಂದಿಸಿ, ಅದನ್ನು ಬಿಟ್ಟುಬಿಡಬೇಡಿ. ನಾಯಿಬಂಡಿ, ಹಿಮಸ್ಕೂಟರುಗಳಿಗೆ ಅಲ್ಲಿಗೆ ಹೋದ ಮೇಲೂ ಜಾಗ ಸಿಗುತ್ತದೆ. ಡಿಸೆಂಬರ್ ರಜೆಯಲ್ಲಿ ಮಾತ್ರ ಅವನ್ನೂ ಮುಂಚೆಯೇ ಹಿಡಿದಿಡಿ.